ಟೊಂಕನೋವಿಗೆ ಕಪ್ಪಿಂಗ್: ಬಟ್ಟಲಿನಿಂದ ಆಗುವುದೆಷ್ಟು, ವ್ಯಾಯಾಮದಿಂದ ಆಗಬೇಕಾದದ್ದೆಷ್ಟು

ಕಲಬುರಗಿ, ಬೀದರ, ಯಾದಗಿರಿ ಭಾಗದಲ್ಲಿ ಟೊಂಕನೋವು ಯಾವುದೋ ಒಂದು ವರ್ಗದವರ ಕಾಯಿಲೆಯಲ್ಲ. ಡಿಸೆಂಬರ್, ಜನವರಿ ತಿಂಗಳಲ್ಲಿ ದಿನವಿಡೀ ಬಗ್ಗಿ ತೊಗರಿ ಕೊಯ್ಯುವ ಹೆಣ್ಣುಮಕ್ಕಳು, ಶಹಾಬಾದ್ ಮತ್ತು ಚಿತ್ತಾಪುರದ ಕಡೆ ಹಾಸುಗಲ್ಲು ಎಬ್ಬಿಸಿ ಲಾರಿಗೆ ಏರಿಸುವವರು, ಬೀದರಿನಲ್ಲಿ ನೆಲದ ಮೇಲೆ ಕುಳಿತು ತಲೆ ತಗ್ಗಿಸಿ ಬಿದರಿ ಪಾತ್ರೆಗೆ ಬೆಳ್ಳಿಯ ತಂತಿ ಕೂರಿಸುವ ಕುಶಲಕರ್ಮಿಗಳು, ಯಾದಗಿರಿಯಿಂದ ಬೆಂಗಳೂರಿಗೂ ಪುಣೆಗೂ ದುಡಿಯಲು ಹೋಗಿ ಸಿಮೆಂಟಿನ ಚೀಲ ಹೊತ್ತು ಬಂದವರು, ಬಸ್ಸಿನ ಚಾಲಕರು, ಕಚೇರಿಯ ಗುಮಾಸ್ತರು, ಹೀಗೆ ಎಲ್ಲರ ಬಾಯಲ್ಲೂ 'ಟೊಂಕ ಹಿಡದದ' ಎಂಬ ಮಾತಿದೆ. ಇವರಲ್ಲಿ ಅನೇಕರು ಮಾತ್ರೆ, ಮುಲಾಮು, ಪಟ್ಟಿ ಎಲ್ಲ ಮುಗಿಸಿದ ಮೇಲೆ ಹಿಜಾಮಾ ಅಥವಾ ಕಪ್ಪಿಂಗ್, ಅಂದರೆ ಬಟ್ಟಲಿಟ್ಟು ಚರ್ಮವನ್ನು ಮೇಲಕ್ಕೆ ಹೀರಿಸುವ ಚಿಕಿತ್ಸೆಯ ಕಡೆಗೆ ಬರುತ್ತಾರೆ. ಯುನಾನಿ ವೈದ್ಯ ಪದ್ಧತಿಯ ಬೇರು ನಿಜಾಮರ ಕಾಲದಿಂದಲೂ ಗಟ್ಟಿಯಾಗಿರುವ ಈ ನೆಲದಲ್ಲಿ ಅದು ಹೊಸದೇನೂ ಅಲ್ಲ. ಹೊಸದಾಗಿರುವುದು, ಫಿಸಿಯೊಥೆರಪಿ ಕೇಂದ್ರಗಳೂ ವ್ಯಾಯಾಮದ ಜೊತೆಗೆ ಬಟ್ಟಲು ಹಚ್ಚುತ್ತಿರುವುದು.

ಎರಡನ್ನೂ ಸೇರಿಸಿದರೆ ಲಾಭವಿದೆಯೇ ಎಂಬ ಪ್ರಶ್ನೆಗೆ ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಬಟ್ಟಲು ಕೆಲವರಿಗೆ ಕೆಲವು ಕಾಲ ನೋವನ್ನು ಇಳಿಸುತ್ತದೆ. ಆ ಇಳಿದ ಹೊತ್ತಿನಲ್ಲಿ ದೇಹವನ್ನು ಚಲನೆಗೆ ತಂದರೆ ಮಾತ್ರ ಅದಕ್ಕೆ ಕೊಟ್ಟ ಹಣ ಸಾರ್ಥಕವಾಗುತ್ತದೆ. ವ್ಯಾಯಾಮವನ್ನು ಬಿಟ್ಟು ಬಟ್ಟಲನ್ನಷ್ಟೇ ನಂಬಿದರೆ, ದೀರ್ಘಕಾಲದ ಟೊಂಕನೋವು ಮರಳಿ ಬರುತ್ತದೆ. ಇದು ಏಕೆ ಹೀಗೆ ಎಂದು ತಿಳಿಯಬೇಕಾದರೆ, ನೋವಿನ ಸ್ವರೂಪವನ್ನೂ ಬಟ್ಟಲಿನ ಅಡಿಯಲ್ಲಿ ನಡೆಯುವುದನ್ನೂ ಬೇರೆ ಬೇರೆಯಾಗಿ ನೋಡಬೇಕು.

ಹನ್ನೆರಡು ವಾರಗಳಿಗಿಂತ ಹೆಚ್ಚು ಕಾಲ ಉಳಿದ ನೋವನ್ನು ವೈದ್ಯರು ದೀರ್ಘಕಾಲದ ನೋವು ಎಂದು ಕರೆಯುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2020ರಲ್ಲಿ ಜಗತ್ತಿನ ಸುಮಾರು 61.9 ಕೋಟಿ ಜನರಿಗೆ ಸೊಂಟನೋವು ಇತ್ತು. 2050ರ ಹೊತ್ತಿಗೆ ಅದು 84.3 ಕೋಟಿಗೆ ಏರಬಹುದೆಂಬ ಅಂದಾಜಿದೆ. ಇವರಲ್ಲಿ ನೂರಕ್ಕೆ ಸುಮಾರು ತೊಂಬತ್ತು ಮಂದಿಯ ನೋವಿಗೆ ಇದೇ ಮೂಳೆ, ಇದೇ ನರ ಕಾರಣ ಎಂದು ಬೊಟ್ಟು ಮಾಡಿ ತೋರಿಸಲು ಬರುವುದಿಲ್ಲ. ನೋವು ಸುಳ್ಳೆಂದು ಇದರ ಅರ್ಥವಲ್ಲ. ಸ್ನಾಯು, ಕೀಲು, ಬೆನ್ನುಮೂಳೆಗಳ ನಡುವಿನ ಮೆತ್ತೆಯಾದ ಡಿಸ್ಕ್, ನರ, ನಿದ್ದೆ, ಚಿಂತೆ, ದುಡಿಮೆಯ ಭಾರ ಎಲ್ಲವೂ ಕೂಡಿ ಆ ನೋವನ್ನು ಹುಟ್ಟಿಸಿರುತ್ತವೆ.

ನಮ್ಮ ಕಡೆ ಎಂ.ಆರ್.ಐ. ತೆಗೆಸಿಕೊಂಡು ಬಂದವರು 'ಡಾಕ್ಟ್ರು ಗ್ಯಾಪ್ ಬಂದದ ಅಂದಾರ' ಎಂದು ಹೇಳುವುದನ್ನು ಎಲ್ಲರೂ ಕೇಳಿದ್ದೇವೆ. ಆ ಮಾತು ಕೇಳಿದ ದಿನದಿಂದ ಕೊಡ ಎತ್ತುವುದನ್ನು, ಬಗ್ಗುವುದನ್ನು, ಹೊಲಕ್ಕೆ ಹೋಗುವುದನ್ನು ಬಿಟ್ಟವರಿದ್ದಾರೆ. ಆದರೆ 2015ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯು ನೋವೇ ಇಲ್ಲದವರ ಬೆನ್ನಿನ ಚಿತ್ರಗಳನ್ನು ಒಟ್ಟುಮಾಡಿ ನೋಡಿದಾಗ, ಇಪ್ಪತ್ತರ ಹರೆಯದವರಲ್ಲಿಯೇ ನೂರಕ್ಕೆ 37 ಮಂದಿಯಲ್ಲಿ ಡಿಸ್ಕ್ ಸವೆತ ಕಂಡಿತು. ಎಂಬತ್ತರ ವಯಸ್ಸಿನವರಲ್ಲಿ ಅದು ನೂರಕ್ಕೆ 96 ಆಗಿತ್ತು. ತಲೆಗೂದಲು ನೆರೆಯುವಂತೆ ಡಿಸ್ಕ್ ಸಹ ವಯಸ್ಸಿನೊಂದಿಗೆ ಬದಲಾಗುತ್ತದೆ. ಆದ್ದರಿಂದ ಚಿತ್ರದಲ್ಲಿ ಕಂಡ ಸವೆತವೇ ನೋವಿನ ಕಾರಣವೆಂದು ತೀರ್ಮಾನಿಸಿ, ಆ ಭಯದಿಂದ ಅಲುಗಾಡುವುದನ್ನೇ ನಿಲ್ಲಿಸಿದವರು ತಮಗೆ ತಾವೇ ಹೆಚ್ಚಿನ ಹಾನಿ ಮಾಡಿಕೊಳ್ಳುತ್ತಾರೆ. ಬಳಸದ ಸ್ನಾಯು ಸೊರಗುತ್ತದೆ, ಸೊರಗಿದ ಸ್ನಾಯು ಸಣ್ಣ ಕೆಲಸಕ್ಕೂ ದಣಿಯುತ್ತದೆ, ದಣಿದ ಬೆನ್ನು ಮತ್ತೆ ನೋಯುತ್ತದೆ. ಇದರ ಜೊತೆಗೆ, ತಿಂಗಳುಗಟ್ಟಲೆ ನೋವಿನ ಸಂದೇಶವನ್ನೇ ಸಾಗಿಸಿದ ನರವ್ಯವಸ್ಥೆಯು ಕ್ರಮೇಣ ಅತಿಸೂಕ್ಷ್ಮವಾಗುತ್ತದೆ; ಮೊದಲು ನೋವೆನಿಸದ ಚಲನೆಯೂ ಈಗ ನೋವೆನಿಸತೊಡಗುತ್ತದೆ. ದೀರ್ಘಕಾಲದ ಟೊಂಕನೋವಿನ ಚಿಕಿತ್ಸೆಯು ಈ ಸುತ್ತನ್ನು ಎಲ್ಲಾದರೊಂದು ಕಡೆ ಮುರಿಯಬೇಕು.

ಇನ್ನು ಬಟ್ಟಲಿನ ವಿಷಯ. ಚರ್ಮದ ಮೇಲೆ ಒಂದು ಟೊಳ್ಳು ವಸ್ತುವನ್ನಿಟ್ಟು, ಒಳಗಿನ ಗಾಳಿಯನ್ನು ಕಡಿಮೆ ಮಾಡಿ, ಚರ್ಮವನ್ನು ಮೇಲಕ್ಕೆ ಹೀರಿಸುವ ವಿದ್ಯೆ ಬಹಳ ಹಳೆಯದು. ಸುಶ್ರುತನ ಗ್ರಂಥದಲ್ಲಿ ರಕ್ತಮೋಕ್ಷಣಕ್ಕೆ, ಅಂದರೆ ದೇಹದಿಂದ ರಕ್ತ ಹೊರತೆಗೆಯಲು, ಕೊಂಬು, ಸೋರೆಬುರುಡೆ ಮತ್ತು ಜಿಗಣೆಯ ಬಳಕೆ ವಿವರಿಸಲ್ಪಟ್ಟಿದೆ. ಚೀನಾ, ಈಜಿಪ್ಟ್, ಅರಬ್ ದೇಶಗಳಲ್ಲಿಯೂ ಇದು ಬೆಳೆದು ಬಂದಿದೆ. ಯುನಾನಿಯಲ್ಲಿ ಇದನ್ನು ಎರಡು ಬಗೆಯಾಗಿ ಮಾಡುತ್ತಾರೆ: ಬರಿಯ ಹೀರಿಕೆಯದ್ದು ಒಣ ಹಿಜಾಮಾ, ಚರ್ಮಕ್ಕೆ ಸಣ್ಣ ಗೀರು ಹಾಕಿ ರಕ್ತ ತೆಗೆಯುವುದು ಹಸಿ ಹಿಜಾಮಾ. ಫಿಸಿಯೊಥೆರಪಿಯ ಜೊತೆಗೆ ಬಳಕೆಯಾಗಬೇಕಾದದ್ದು ಒಣ ಬಗೆ ಮಾತ್ರ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಈಜುಗಾರ ಮೈಕೆಲ್ ಫೆಲ್ಪ್ಸ್ ಹೆಗಲ ಮೇಲೆ ಕಂಡ ದುಂಡನೆಯ ಕಲೆಗಳು ಅದನ್ನು ಜಗತ್ತಿನ ಕಣ್ಣಿಗೆ ತಂದವು.

ಒಣ ಕಪ್ಪಿಂಗ್ ನಡೆಯುವ ರೀತಿಯನ್ನು ಹತ್ತಿರದಿಂದ ನೋಡಿದರೆ ಅದರ ಮಿತಿಯೂ ತಿಳಿಯುತ್ತದೆ. ರೋಗಿಯು ಹೊಟ್ಟೆಯಡಿ ದಿಂಬಿಟ್ಟುಕೊಂಡು ಬೋರಲು ಮಲಗುತ್ತಾನೆ. ಟೊಂಕದ ಎರಡೂ ಬದಿಯ ಸ್ನಾಯುಗಳ ಮೇಲೆ ತುಸು ಎಣ್ಣೆ ಸವರಿ, ಬೆನ್ನೆಲುಬಿನ ಸಾಲನ್ನು ಬಿಟ್ಟು, ಪಾರದರ್ಶಕ ಪ್ಲಾಸ್ಟಿಕ್ ಬಟ್ಟಲುಗಳನ್ನು ಇಡುತ್ತಾರೆ. ಕೈಪಂಪನ್ನು ಬಟ್ಟಲಿನ ತುದಿಗೆ ಸಿಕ್ಕಿಸಿ ಎರಡು ಮೂರು ಸಲ ಎಳೆದ ಕೂಡಲೇ ಒಳಗಿನ ಚರ್ಮ ಗುಮ್ಮಟದಂತೆ ಉಬ್ಬುತ್ತದೆ. ಮೊದಲು ಗುಲಾಬಿ, ಆಮೇಲೆ ಕೆಂಪು, ಹೀರಿಕೆ ಜೋರಾಗಿದ್ದರೆ ನೇರಳೆ. ಐದರಿಂದ ಹದಿನೈದು ನಿಮಿಷದಲ್ಲಿ ತುದಿಯ ಕವಾಟವನ್ನು ಎತ್ತಿದಾಗ 'ಸುಯ್' ಎಂದು ಗಾಳಿ ನುಗ್ಗಿ ಬಟ್ಟಲು ಬಿಡಿಸಿಕೊಳ್ಳುತ್ತದೆ. ಅಂಚಿನ ಗುರುತು ಅಂದೇ ಅಳಿಯುತ್ತದೆ, ಒಳಗಿನ ಕಲೆ ಕೆಲವು ದಿನಗಳಿಂದ ಎರಡು ವಾರದವರೆಗೆ ಉಳಿಯುತ್ತದೆ. ಕೆಲವರು ಬಟ್ಟಲನ್ನು ಎಣ್ಣೆಯ ಮೇಲೆ ಜಾರಿಸುತ್ತಾ ಮಾಲೀಸಿನಂತೆಯೂ ಮಾಡುತ್ತಾರೆ.

ಹೀರಿಕೆಯಿಂದ ಚರ್ಮ, ಅದರಡಿಯ ಕೊಬ್ಬು ಮತ್ತು ಸ್ನಾಯುವಿನ ಹೊದಿಕೆ ಮೇಲಕ್ಕೆ ಎಳೆಯಲ್ಪಡುತ್ತವೆ. ಅಲ್ಲಿ ರಕ್ತದ ಹರಿವು ತಾತ್ಕಾಲಿಕವಾಗಿ ಹೆಚ್ಚುತ್ತದೆ, ಸೂಕ್ಷ್ಮ ರಕ್ತನಾಳಗಳು ಒಡೆದು ಸ್ವಲ್ಪ ರಕ್ತ ಚರ್ಮದಡಿ ಸೋರುತ್ತದೆ. ನಾವು ನೋಡುವ ಕಲೆ ಎಂದರೆ ಇದೇ. ಕಲೆ ಎಷ್ಟು ಕಪ್ಪಾಗಿದೆಯೋ ಅಷ್ಟು ವಿಷ ಇತ್ತು ಎಂದು ಹೇಳಿ ಹೆದರಿಸುವವರಿದ್ದಾರೆ; ಅದು ಸರಿಯಲ್ಲ. ಹೀರಿಕೆ ಎಷ್ಟು ಜೋರಾಗಿತ್ತು, ಎಷ್ಟು ಹೊತ್ತು ಇಟ್ಟರು, ಆ ವ್ಯಕ್ತಿಯ ಚರ್ಮ ಎಷ್ಟು ತೆಳುವಾಗಿದೆ ಎಂಬುದನ್ನಷ್ಟೇ ಕಲೆಯ ಬಣ್ಣ ಹೇಳುತ್ತದೆ. ಹಸಿ ಹಿಜಾಮಾದಲ್ಲಿ ಬಟ್ಟಲಿನೊಳಗೆ ಗಟ್ಟಿಯಾಗಿ ಕಪ್ಪಗೆ ಕಾಣುವ ರಕ್ತವೂ ಕೆಟ್ಟ ರಕ್ತವಲ್ಲ. ಗೀರಿನಿಂದ ಹೊರಬಂದ ರಕ್ತ ಹೆಪ್ಪುಗಟ್ಟಿದಾಗ ಹಾಗೆಯೇ ಕಾಣುತ್ತದೆ. ದೇಹದ ತ್ಯಾಜ್ಯವನ್ನು ಹೊರಹಾಕುವ ಕೆಲಸವನ್ನು ಯಕೃತ್ತು ಮತ್ತು ಮೂತ್ರಪಿಂಡಗಳು ಹಗಲಿರುಳು ಮಾಡುತ್ತಿವೆ.

ಹಾಗಾದರೆ ನೋವು ಇಳಿಯುವುದು ಹೇಗೆ? ಇದಕ್ಕೆ ಒಂದು ಆಧಾರ 1965ರಲ್ಲಿ ನೋವಿನ ಸಂಶೋಧಕರಾದ ಮೆಲ್ಜಾಕ್ ಮತ್ತು ವಾಲ್ ಮಂಡಿಸಿದ ಸಿದ್ಧಾಂತದಲ್ಲಿ ಸಿಗುತ್ತದೆ. ಒತ್ತಡ, ಎಳೆತ, ಸ್ಪರ್ಶದ ಸಂದೇಶಗಳು ಬೆನ್ನುಹುರಿಯನ್ನು ತಲುಪಿದಾಗ, ಅಲ್ಲಿ ನೋವಿನ ಸಂದೇಶ ಮೇಲಕ್ಕೆ ಸಾಗುವುದನ್ನು ಅವು ಸ್ವಲ್ಪಮಟ್ಟಿಗೆ ತಡೆಯುತ್ತವೆ. ಪೆಟ್ಟು ಬಿದ್ದ ಜಾಗವನ್ನು ನಾವು ತಿಳಿಯದೆಯೇ ಉಜ್ಜಿಕೊಳ್ಳುವುದು ಇದೇ ಕಾರಣಕ್ಕೆ. ಇದರ ಮೇಲೆ, ನಂಬಿದ ಚಿಕಿತ್ಸೆ, ಗಮನವಿಟ್ಟು ಕೇಳುವ ಚಿಕಿತ್ಸಕ, ಅರ್ಧ ಗಂಟೆಯ ವಿಶ್ರಾಂತಿ, ಇವೆಲ್ಲ ಮೆದುಳಿನ ಸ್ವಂತ ನೋವುಶಾಮಕ ವ್ಯವಸ್ಥೆಯನ್ನು ಎಚ್ಚರಿಸುತ್ತವೆ. ಇದನ್ನು ಯಾರೂ ಕೀಳಾಗಿ ಕಾಣಬೇಕಿಲ್ಲ. ಇಳಿದ ನೋವು ಇಳಿದ ನೋವೇ.

ಆದರೆ ಆ ಇಳಿತವು ಹೀರಿಕೆಯಿಂದಲೇ ಬಂದಿತೇ ಎಂದು ಕೇಳಿದಾಗ ಪುರಾವೆ ಸಡಿಲವಾಗುತ್ತದೆ. ಬಟ್ಟಲು ಹಚ್ಚಿಸಿಕೊಂಡವರನ್ನು ಏನೂ ಮಾಡಿಸಿಕೊಳ್ಳದವರೊಂದಿಗೆ ಅಥವಾ ಎಂದಿನ ಔಷಧ ಪಡೆದವರೊಂದಿಗೆ ಹೋಲಿಸಿದ ಅಧ್ಯಯನಗಳಲ್ಲಿ ಕಪ್ಪಿಂಗ್ ಅಲ್ಪಾವಧಿಗೆ ಮೇಲುಗೈ ತೋರಿದೆ. ಇಂಥ ಹೋಲಿಕೆಯಲ್ಲಿ ಒಂದು ತೊಡಕಿದೆ: ತನಗೆ ಬಟ್ಟಲು ಹಚ್ಚಿದರೋ ಇಲ್ಲವೋ ಎಂಬುದು ರೋಗಿಗೆ ಗೊತ್ತಿರುತ್ತದೆ, ನೋವನ್ನು ಅಳೆದು ಹೇಳುವವನೂ ಅವನೇ ಆಗಿರುತ್ತಾನೆ. ಈ ತೊಡಕನ್ನು ನಿವಾರಿಸಲು ಬ್ರೆಜಿಲ್ ದೇಶದ ಸಂಶೋಧಕರು ದೀರ್ಘಕಾಲದ ಸೊಂಟನೋವಿನ 90 ಮಂದಿಯನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ನಿಜವಾದ ಒಣ ಕಪ್ಪಿಂಗ್, ಇನ್ನೊಂದಕ್ಕೆ ನೋಡಲು ಹಾಗೆಯೇ ಇದ್ದರೂ ಹೀರಿಕೆ ನಿಲ್ಲದ ತೋರಿಕೆಯ ಕಪ್ಪಿಂಗ್ ಅನ್ನು ವಾರಕ್ಕೊಮ್ಮೆ ಎಂಟು ವಾರ ಮಾಡಿದರು. 2021ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ನಿಜವಾದ ಬಟ್ಟಲು ತೋರಿಕೆಯ ಬಟ್ಟಲಿಗಿಂತ ಹೆಚ್ಚಿನ ಗುಣ ಕೊಡಲಿಲ್ಲ.

ಇನ್ನೊಂದು ಸಂಗತಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ದೀರ್ಘಕಾಲದ ನೋವು ಒಂದೇ ಮಟ್ಟದಲ್ಲಿ ಇರುವುದಿಲ್ಲ, ಏರುತ್ತದೆ, ಇಳಿಯುತ್ತದೆ. ಯಾರೂ ನೋವು ಕಡಿಮೆಯಿರುವ ವಾರದಲ್ಲಿ ಬಸ್ಸು ಹತ್ತಿ ಚಿಕಿತ್ಸೆಗೆ ಬರುವುದಿಲ್ಲ, ತಾಳಲಾರದಷ್ಟು ಏರಿದಾಗಲೇ ಬರುತ್ತಾರೆ. ಏರಿದ್ದು ತಾನಾಗಿ ಸ್ವಲ್ಪ ಇಳಿಯುವ ಹೊತ್ತಿಗೆ ಯಾವ ಚಿಕಿತ್ಸೆ ನಡೆಯುತ್ತಿತ್ತೋ ಕೀರ್ತಿ ಅದಕ್ಕೇ ಸಲ್ಲುತ್ತದೆ. ಇದು ಕಪ್ಪಿಂಗ್‌ಗೆ ಮಾತ್ರವಲ್ಲ, ಇಂಜೆಕ್ಷನ್ನಿಗೂ ಪಟ್ಟಿಗೂ ನಾಟಿ ಎಣ್ಣೆಗೂ ಅನ್ವಯಿಸುತ್ತದೆ.

ಹೀಗಿದ್ದರೂ ಫಿಸಿಯೊಥೆರಪಿಸ್ಟ್ ಬಟ್ಟಲನ್ನು ಕೈಗೆತ್ತಿಕೊಳ್ಳುವುದಕ್ಕೆ ನಾನು ವಿರೋಧಿಯಲ್ಲ. ತೊಗರಿ ಬಿತ್ತುವ ರೈತನಿಗೆ ಗೊತ್ತಿದೆ: ಮೃಗಶಿರ ಮಳೆ ಬಂದು ನೆಲ ಹದವಾದಾಗ ಬಿತ್ತಬೇಕು, ಎರಡು ದಿನ ಕಳೆದರೆ ಹದ ಆರುತ್ತದೆ. ಬಟ್ಟಲಿನಿಂದ ಬರುವ ಹಗುರವೂ ಅಂಥ ಹದವೇ, ಬಿತ್ತನೆಯೆಂದರೆ ವ್ಯಾಯಾಮ. ನೋವಿನ ಭಯದಿಂದ ಬಗ್ಗಲು ಒಪ್ಪದ ಒಬ್ಬ ಹೆಣ್ಣುಮಗಳಿಗೆ ಬಟ್ಟಲು ತೆಗೆದ ಕೂಡಲೇ 'ಅಕ್ಕಾ, ಈಗ ಹಗೂರಕ ಬಗ್ಗಿ ನೋಡ್ರಿ' ಎಂದಾಗ, ಆಕೆ ಮೊಣಕಾಲಿನವರೆಗೆ ಕೈ ಒಯ್ದು 'ಹಗುರ ಅನಸ್ಲಕತ್ತದ್ರಿ' ಎಂದರೆ, ಚಿಕಿತ್ಸೆಯ ನಿಜವಾದ ಕೆಲಸ ಶುರುವಾಗಬೇಕಾದದ್ದು ಆ ಗಳಿಗೆಯಲ್ಲಿ. ಬಗ್ಗಿದರೂ ಬೆನ್ನು ಮುರಿಯಲಿಲ್ಲ ಎಂಬ ಅನುಭವವನ್ನು ಯಾವ ಮಾತಿನ ಉಪದೇಶವೂ ಕೊಡಲಾರದು.

ಮುಂದಿನ ಇಪ್ಪತ್ತು ನಿಮಿಷಗಳಲ್ಲಿ ಮಾಡುವ ವ್ಯಾಯಾಮಗಳು ಸರಳವಾದವು. ಅಂಗಾತ ಮಲಗಿ ಮೊಣಕಾಲು ಮಡಚಿ, ಪೃಷ್ಠವನ್ನು ಬಿಗಿಮಾಡಿ ಸೊಂಟವನ್ನು ನೆಲದಿಂದ ಎತ್ತಿ, ಐದು ಎಣಿಸುವವರೆಗೆ ಹಿಡಿದು ಇಳಿಸುವುದು ಒಂದು. ಅಂಗೈ ಮತ್ತು ಮೊಣಕಾಲೂರಿ ನಿಂತು, ಬಲಗೈಯನ್ನು ಮುಂದಕ್ಕೂ ಎಡಗಾಲನ್ನು ಹಿಂದಕ್ಕೂ ಚಾಚಿ, ನಡು ಓರೆಯಾಗದಂತೆ ಹಿಡಿಯುವುದು ಇನ್ನೊಂದು. ಈ ಭಂಗಿಯಲ್ಲಿ ಉಸಿರು ಕಟ್ಟುವವರೇ ಹೆಚ್ಚು. ಉಸಿರಾಡುತ್ತಾ ಎಣಿಸಿರಿ ಎಂದು ಹೇಳಿಕೊಡಬೇಕು. ಮೂರನೆಯದು, ಭಾರ ಎತ್ತುವಾಗ ಬೆನ್ನನ್ನಷ್ಟೇ ಬಾಗಿಸದೆ ಸೊಂಟದ ಕೀಲಿನಿಂದ ಮತ್ತು ಮೊಣಕಾಲಿನಿಂದ ಬಗ್ಗುವ ಅಭ್ಯಾಸ. ಇದನ್ನು ಮೊದಲು ಖಾಲಿ ಕೈಯಲ್ಲಿ, ಮುಂದಿನ ವಾರ ಅರ್ಧ ಕೊಡ ನೀರಿನಲ್ಲಿ, ಆಮೇಲೆ ತುಂಬಿದ ಕೊಡದಲ್ಲಿ ಮಾಡಿಸಬೇಕು. ಭಾರವನ್ನು ಹಂತಹಂತವಾಗಿ ಏರಿಸದೆ ಬರಿಯ ಹಗುರ ಕಸರತ್ತಿನಲ್ಲೇ ನಿಲ್ಲಿಸಿದರೆ, ಹೊಲದಲ್ಲಿ ಚೀಲ ಎತ್ತುವ ಬೆನ್ನು ಅದಕ್ಕೆ ಸಿದ್ಧವಾಗುವುದಿಲ್ಲ.

ನಡಿಗೆಯನ್ನು ಪ್ರತ್ಯೇಕವಾಗಿ ಹೇಳಬೇಕು, ಏಕೆಂದರೆ ಅದಕ್ಕೆ ಖರ್ಚಿಲ್ಲ ಮತ್ತು ಅದರ ಪುರಾವೆ ಗಟ್ಟಿಯಾಗಿದೆ. ಸೊಂಟನೋವಿನಿಂದ ಆಗಷ್ಟೇ ಚೇತರಿಸಿಕೊಂಡ 701 ಮಂದಿಯನ್ನು ಒಳಗೊಂಡು ಆಸ್ಟ್ರೇಲಿಯಾದಲ್ಲಿ ನಡೆದ, 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಫಿಸಿಯೊಥೆರಪಿಸ್ಟರ ಮಾರ್ಗದರ್ಶನದಲ್ಲಿ ಕ್ರಮವಾಗಿ ನಡೆದವರಲ್ಲಿ ಅರ್ಧದಷ್ಟು ಮಂದಿಗೆ ನೋವು ಮರಳುವಷ್ಟರಲ್ಲಿ 208 ದಿನ ಕಳೆದಿತ್ತು. ನಡಿಗೆಯ ಕಾರ್ಯಕ್ರಮ ಇಲ್ಲದವರಿಗೆ 112 ದಿನ. ನಮ್ಮ ಬೇಸಿಗೆಯಲ್ಲಿ ಬೆಳಗ್ಗೆ ಎಂಟರೊಳಗೆ ನಡಿಗೆ ಮುಗಿಸಬೇಕು ಎಂಬುದೊಂದೇ ಕಲಬುರಗಿಯವರು ಸೇರಿಸಿಕೊಳ್ಳಬೇಕಾದ ಎಚ್ಚರ.

ಫಿಸಿಯೊಥೆರಪಿಗೆ ಹೋಗುತ್ತೇನೆ ಎಂದರೆ ನಮ್ಮಲ್ಲಿ ಬಹಳ ಜನಕ್ಕೆ 'ಕರೆಂಟ್ ಇಡಿಸಿಕೊಳ್ಳುವುದು' ಎಂದೇ ಅರ್ಥ. ಯಂತ್ರದ ಪಟ್ಟಿ ಕಟ್ಟಿಸಿಕೊಂಡು ಹದಿನೈದು ನಿಮಿಷ ಮಲಗಿ ಎದ್ದು ಬಂದರೆ, ಅದರ ಮೇಲೆ ಬಟ್ಟಲನ್ನೂ ಹಚ್ಚಿಸಿಕೊಂಡರೆ, ಒಂದು ನಿಷ್ಕ್ರಿಯ ಚಿಕಿತ್ಸೆಗೆ ಇನ್ನೊಂದು ನಿಷ್ಕ್ರಿಯ ಚಿಕಿತ್ಸೆ ಸೇರಿದಂತಾಗುತ್ತದೆ. ರೋಗಿ ತಾನಾಗಿ ಏನನ್ನೂ ಮಾಡಿರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಡಿಸೆಂಬರ್ 2023ರಲ್ಲಿ ದೀರ್ಘಕಾಲದ ಸೊಂಟನೋವಿನ ಕುರಿತು ಮೊದಲ ಮಾರ್ಗಸೂಚಿ ಹೊರಡಿಸಿ, ತಿಳಿವಳಿಕೆ, ವ್ಯಾಯಾಮ, ಮಾಲೀಸು, ಮಾನಸಿಕ ಬೆಂಬಲ ಮುಂತಾದವನ್ನು ಬೆಂಬಲಿಸಿತು. ಸೊಂಟದ ಬೆಲ್ಟು, ಬೆನ್ನನ್ನು ಎಳೆಯುವ ಟ್ರ್ಯಾಕ್ಷನ್ ಚಿಕಿತ್ಸೆ, ಅಫೀಮು ವರ್ಗದ ನೋವುಗುಳಿಗೆಗಳನ್ನು ಎಲ್ಲರಿಗೂ ರೂಢಿಯಾಗಿ ಕೊಡುವುದು ಬೇಡವೆಂದಿತು. ಬ್ರಿಟನ್ನಿನ 2016ರ ಮಾರ್ಗಸೂಚಿಯು ಕೈಯಿಂದ ಮಾಡುವ ಚಿಕಿತ್ಸೆಗಳನ್ನು ವ್ಯಾಯಾಮದೊಂದಿಗೆ ಸೇರಿಸಿದಾಗ ಮಾತ್ರ ಪರಿಗಣಿಸಿ ಎನ್ನುತ್ತದೆ. ಬಟ್ಟಲಿಗೂ ಇದೇ ನಿಯಮವನ್ನು ಅನ್ವಯಿಸುವುದು ವಿವೇಕವೆಂದು ನಾನು ಭಾವಿಸುತ್ತೇನೆ.

ಫಲ ಸಿಗುತ್ತಿದೆಯೇ ಎಂದು ಅಳೆಯುವಾಗ ನೋವಿನ ಅಂಕಿಯೊಂದನ್ನೇ ನೋಡಬಾರದು. ಕೆಳಗೆ ಕುಳಿತು ಎಷ್ಟು ಜೋಳದ ರೊಟ್ಟಿ ಬಡಿಯುವವರೆಗೆ ಏಳಬೇಕಾಗಲಿಲ್ಲ, ಬೀದರಿನಿಂದ ಕಲಬುರಗಿಗೆ ಬಸ್ಸಿನಲ್ಲಿ ಕುಳಿತು ಬಂದಾಗ ಇಳಿದು ನೇರ ನಿಲ್ಲಲು ಎಷ್ಟು ಹೊತ್ತು ಬೇಕಾಯಿತು, ರಾತ್ರಿ ಎಷ್ಟು ಸಲ ಎಚ್ಚರವಾಯಿತು ಎಂಬುದನ್ನು ವಾರಕ್ಕೊಮ್ಮೆ ಬರೆದಿಡಬೇಕು. ಆರು ವಾರ ವ್ಯಾಯಾಮ ತಪ್ಪದೆ ಮಾಡಿಯೂ ಇವು ಬದಲಾಗದಿದ್ದರೆ ಚಿಕಿತ್ಸೆಯ ದಾರಿಯನ್ನೇ ಮರುಪರಿಶೀಲಿಸಬೇಕು, ಬಟ್ಟಲುಗಳ ಸಂಖ್ಯೆಯನ್ನು ಹೆಚ್ಚಿಸಬಾರದು. ಮೊದಲ ಎರಡು ಮೂರು ಸಲದಲ್ಲಿ ಬಟ್ಟಲಿನಿಂದ ಯಾವ ಹಗುರವೂ ಅನಿಸದವರು ಅದನ್ನು ಧೈರ್ಯವಾಗಿ ಬಿಟ್ಟುಬಿಡಬಹುದು. ವ್ಯಾಯಾಮಕ್ಕೆ ಅದರಿಂದ ಯಾವ ಕೊರತೆಯೂ ಆಗುವುದಿಲ್ಲ.

ಸುರಕ್ಷತೆಯ ವಿಷಯದಲ್ಲಿ ಒಣ ಮತ್ತು ಹಸಿ ಬಗೆಗಳ ನಡುವೆ ಬಹಳ ಅಂತರವಿದೆ. ಒಣ ಬಗೆಯಲ್ಲಿ ಸಾಮಾನ್ಯವಾಗಿ ಕಲೆ, ತುಸು ಉರಿ, ಕೆಲವೊಮ್ಮೆ ಗುಳ್ಳೆ ಏಳುವುದು, ಹಸಿದ ಹೊಟ್ಟೆಯಲ್ಲಿ ಬಂದವರಿಗೆ ತಲೆಸುತ್ತು, ಇಷ್ಟೇ. ಹತ್ತಿಗೆ ಸ್ಪಿರಿಟ್ ಹಚ್ಚಿ ಬೆಂಕಿ ತೋರಿಸಿ ಬಟ್ಟಲು ಇಡುವ ವಿಧಾನದಲ್ಲಿ ಸುಟ್ಟಗಾಯದ ಅಪಾಯವಿದೆ. ಕೈಪಂಪು ಇರುವಾಗ ಅದರ ಅಗತ್ಯವೇ ಇಲ್ಲ. ಸಕ್ಕರೆ ಕಾಯಿಲೆಯಿಂದ ಚರ್ಮದ ಸ್ಪರ್ಶಜ್ಞಾನ ಕುಗ್ಗಿದವರಿಗೆ ಹೀರಿಕೆ ಅತಿಯಾದದ್ದೂ ತಿಳಿಯದು. ರಕ್ತ ತೆಳುಮಾಡುವ ಮಾತ್ರೆ ನುಂಗುತ್ತಿರುವವರು, ರಕ್ತ ಹೆಪ್ಪುಗಟ್ಟದ ಕಾಯಿಲೆಯವರು, ಟೊಂಕದ ಮೇಲೆ ಗಾಯ ಅಥವಾ ಚರ್ಮರೋಗ ಇರುವವರು ಬಟ್ಟಲಿನಿಂದ ದೂರವಿರಬೇಕು. ಗರ್ಭಿಣಿಯರಿಗೆ ಸೊಂಟದ ಮೇಲೆ ಇದು ಬೇಡವೇ ಬೇಡ. ಸೋರಿಯಾಸಿಸ್ ಇದ್ದವರಲ್ಲಿ ಬಟ್ಟಲು ಹಚ್ಚಿದ ಜಾಗದಲ್ಲೇ ಹೊಸ ಮಚ್ಚೆ ಏಳಬಹುದು.

ಹಸಿ ಹಿಜಾಮಾ ಬೇರೆಯದೇ ಜವಾಬ್ದಾರಿಯನ್ನು ಬೇಡುತ್ತದೆ. ಮುಸ್ಲಿಂ ಬಾಂಧವರಲ್ಲಿ ಅನೇಕರು ಅದನ್ನು ಪ್ರವಾದಿಯವರ ಆಚರಣೆಯೆಂಬ ಶ್ರದ್ಧೆಯಿಂದ, ಹಿಜ್ರಿ ತಿಂಗಳ 17, 19, 21ರಂದು ಮಾಡಿಸಿಕೊಳ್ಳುತ್ತಾರೆ. ಆ ಶ್ರದ್ಧೆಯನ್ನು ಗೌರವಿಸಿಯೇ ಈ ಮಾತು ಹೇಳುತ್ತಿದ್ದೇನೆ. ರಕ್ತ ಹೊರಬರುವ ಯಾವ ಕ್ರಿಯೆಯಲ್ಲೂ ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ ಮತ್ತು ಎಚ್.ಐ.ವಿ. ಹರಡುವ ಸಾಧ್ಯತೆ ಇದೆ. ಹೆಪಟೈಟಿಸ್ ಬಿ ವೈರಸ್ ದೇಹದ ಹೊರಗೆ ಕನಿಷ್ಠ ಏಳು ದಿನ ಬದುಕಿರಬಲ್ಲದು, ಆದ್ದರಿಂದ ತೊಳೆದು ಒರೆಸಿದ ಬಟ್ಟಲು ಸಾಲದು. ಬ್ಲೇಡ್, ಬಟ್ಟಲು, ಕೈಗವಸು ಮೂರನ್ನೂ ನಿಮ್ಮ ಕಣ್ಣೆದುರೇ ಹೊಸ ಪೊಟ್ಟಣದಿಂದ ತೆಗೆಯಬೇಕು, ಬಳಸಿದ ಮೇಲೆ ಬಿಸಾಡಬೇಕು. ಕರ್ನಾಟಕದಲ್ಲಿ ಹರೆಯದ ಮತ್ತು ನಡುವಯಸ್ಸಿನ ಹೆಣ್ಣುಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆ ಇರುವಾಗ, ಹಿಮೋಗ್ಲೋಬಿನ್ ಪರೀಕ್ಷಿಸದೆ ಮತ್ತೆ ಮತ್ತೆ ರಕ್ತ ತೆಗೆಯುವುದು ಅನ್ಯಾಯ. ಮಾಡುವವರು ಬಿ.ಯು.ಎಂ.ಎಸ್. (ಯುನಾನಿ ವೈದ್ಯ ಪದವಿ) ಓದಿ ನೋಂದಣಿ ಪಡೆದ ವೈದ್ಯರೇ ಎಂದು ಕೇಳುವ ಹಕ್ಕು ಎಲ್ಲರಿಗೂ ಇದೆ. ಖಾಸಗಿ ಚಿಕಿತ್ಸಾಲಯಗಳ ನೋಂದಣಿಯನ್ನು 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಕಡ್ಡಾಯಗೊಳಿಸಿದೆ.

ಇವೆಲ್ಲಕ್ಕೂ ಮೊದಲು, ಈ ನೋವು ಬಟ್ಟಲಿಗೂ ವ್ಯಾಯಾಮಕ್ಕೂ ಬಿಡತಕ್ಕದ್ದೇ ಎಂದು ವೈದ್ಯರು ನೋಡಿರಬೇಕು. ಸಂಜೆ ಜ್ವರ, ತೂಕ ಇಳಿಯುವುದು, ಮಲಗಿದರೂ ಬಿಡದ ರಾತ್ರಿನೋವು ಇದ್ದರೆ ಅದು ಬೆನ್ನುಮೂಳೆಯ ಕ್ಷಯ ಆಗಿರಬಹುದು. ಕುರಿ, ಮೇಕೆ, ಎಮ್ಮೆ ಸಾಕುವವರಲ್ಲಿ ಮತ್ತು ಕಾಯಿಸದ ಹಾಲು ಕುಡಿಯುವವರಲ್ಲಿ ಬ್ರುಸೆಲ್ಲೋಸಿಸ್ ಎಂಬ, ಜಾನುವಾರುಗಳಿಂದ ಬರುವ ಸೋಂಕು ಸಹ ಬಿಟ್ಟು ಬಿಟ್ಟು ಬರುವ ಜ್ವರ ಮತ್ತು ಟೊಂಕನೋವಾಗಿ ಕಾಣಿಸುತ್ತದೆ. ನಮ್ಮ ಭಾಗದಲ್ಲಿ ಇದನ್ನು ನೆನಪಿಡುವವರು ಕಡಿಮೆ. ಈ ಎರಡಕ್ಕೂ ಔಷಧವಿದೆ, ತಡವಾದರೆ ಮೂಳೆ ಕುಸಿಯಬಹುದು. ಎರಡೂ ಕಾಲಿನ ಬಲ ಕುಗ್ಗುವುದು, ಮೂತ್ರ ಕಟ್ಟುವುದು ಅಥವಾ ಹತೋಟಿ ತಪ್ಪುವುದು, ತೊಡೆಸಂದಿಯ ಸುತ್ತ ಸ್ಪರ್ಶ ತಿಳಿಯದಿರುವುದು, ಇವುಗಳಲ್ಲಿ ಒಂದು ಕಂಡರೂ ಅದೇ ದಿನ ದೊಡ್ಡ ಆಸ್ಪತ್ರೆ ಸೇರಬೇಕು. ಆಗ ಗಂಟೆಗಳೇ ಮುಖ್ಯವಾಗುತ್ತವೆ.

ಇಂಥ ಲಕ್ಷಣಗಳಿಲ್ಲವೆಂದು ಖಚಿತವಾದ ಮೇಲೆ, ಸುರಪುರ ಅಥವಾ ಔರಾದ್ ಕಡೆಯ ಹಳ್ಳಿಯಿಂದ ಬರುವವರು ವಾರಕ್ಕೆ ಮೂರು ಸಲ ಜಿಲ್ಲಾ ಕೇಂದ್ರಕ್ಕೆ ತಿರುಗಬೇಕಿಲ್ಲ. ಮೊದಲ ಭೇಟಿಯಲ್ಲಿ ವ್ಯಾಯಾಮಗಳನ್ನು ಮಾಡಿಸಿ ನೋಡಿ, ಮನೆಯವರೊಬ್ಬರ ಮೊಬೈಲಿನಲ್ಲಿ ಅದನ್ನು ಚಿತ್ರೀಕರಿಸಿಕೊಂಡು, ಹದಿನೈದು ದಿನಕ್ಕೊಮ್ಮೆ ಬಂದು ಭಾರ ಏರಿಸಿಕೊಂಡು ಹೋದರೆ ಸಾಕು. ಬಟ್ಟಲು ಬೇಕೆನಿಸಿದರೆ ಆ ಭೇಟಿಯ ದಿನವೇ, ವ್ಯಾಯಾಮಕ್ಕೆ ಮುಂಚೆ, ಹಚ್ಚಿಸಿಕೊಳ್ಳಬಹುದು.